ಚಕ್ರದ ಮುಂದಿನ ನಾಲ್ಕು ಮೊಳ

ಕಾರ್ಕಳದಿಂದ ಹೊರಟು ವರಂಗ, ಹೆಬ್ರಿ, ಸೋಮೇಶ್ವರಗಳನ್ನು ಹಾದು, ಆಗುಂಬೆಯ ಘಾಟಿಯನ್ನೇರಿ, ಗುಡ್ಡೇಕೇರಿಯ ಬಳಿ ಕವಲೊಡೆದು ಕುಂದಾದ್ರಿಯ ದರ್ಶನ ಪಡೆದು, ತೀರ್ಥಹಳ್ಳಿಯ ಮೂಲಕ ಹುಂಚವನ್ನು ಸೇರುವ ದಾರಿ ಶ್ರಾವಕರಿಗೆ ಹೊಸದೇನೂ ಅಲ್ಲ. 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ ಗೊಮ್ಮಟನ ಪದತಲದಿಂದ ಪದ್ಮಾವತಿ ಅಮ್ಮನವರ ಸನ್ನಿಧಿಯವರೆಗೆ ಹಿಂದಿನವರು ಕಾಲ್ನಡಿಗೆಯಲ್ಲಿ ಹೋದರು, ಅನಂತರದವರು ಬಸ್ಸಿನಲ್ಲಿ ಹೋದರು. ಈಚಿನ ವರ್ಷಗಳಲ್ಲಿ ಅದೇ ದಾರಿಯ ಮೇಲೆ ನಸುಕಿನ ಹೊತ್ತಿಗೆ ತೆಳುಚಕ್ರದ ಸೈಕಲ್ಲುಗಳು ಸಾಲುಗಟ್ಟಿ ಸಾಗುವುದನ್ನು ಹಳ್ಳಿಯವರು ಕಾಣುತ್ತಿದ್ದಾರೆ. ಸವಾರರಲ್ಲಿ ಜೈನ ಮನೆತನದ ಹುಡುಗರೂ ಇರುತ್ತಾರೆ. ಅಂಥವರ ತಂಡವೊಂದು ರಜೆಯಲ್ಲಿ ಸೈಕಲ್ ಮೇಲೆ ತೀರ್ಥಯಾತ್ರೆ ಮಾಡುತ್ತೇವೆ, ವಸತಿ ಊಟಗಳಿಗೆ ಅನುಕೂಲ ಮಾಡಿಕೊಡಿ ಎಂದು ಬಸದಿಯ ಆಡಳಿತದವರನ್ನು ಕೇಳಿದರೆ ಏನು ಹೇಳಬೇಕು? ಹಿರಿಯರೊಬ್ಬರು, ಮುನಿಗಳು ನಡೆದು ಹೋಗುವ ದಾರಿಯಲ್ಲಿ ಇದೆಂಥ ಆಟ ಎಂದಾರು. ಕಿರಿಯರೊಬ್ಬರು, ಹೊಗೆಯಿಲ್ಲ, ಎಣ್ಣೆಯಿಲ್ಲ, ಇದಕ್ಕಿಂತ ಅಹಿಂಸಕ ವಾಹನ ಯಾವುದಿದೆ ಎಂದಾರು. ಎರಡೂ ಮಾತು ಅವಸರದವು.

ಕಿರಿಯರ ಮಾತನ್ನು ಮೊದಲು ಪರಿಶೀಲಿಸಬಹುದು. ರಸ್ತೆಯ ಮೇಲಿನ ಸೈಕಲ್ಲಿನ ಟೈರು 25ರಿಂದ 28 ಮಿಲಿಮೀಟರು ಅಗಲ. ಹಿಂದಿನ ಚಕ್ರ ಹೆಚ್ಚುಕಡಿಮೆ ಮುಂದಿನದರ ಜಾಡಿನಲ್ಲೇ ಹೋಗುತ್ತದೆ. ಕಾರಿಗೆ ಎರಡು ಜಾಡು, ಒಂದೊಂದೂ ಅದರ ಆರೇಳು ಪಟ್ಟು ಅಗಲ. ಹೀಗೆ ನೋಡಿದರೆ ಸೈಕಲ್ಲಿನ ಅಡಿಗೆ ಸಿಕ್ಕುವ ನೆಲ ಅತ್ಯಲ್ಪ. ಆದರೆ ಜೋಡಿ ಟೈರುಗಳ ಬಸ್ಸಿನ ಜಾಡೆಲ್ಲ ಕೂಡಿದರೆ ಸುಮಾರು ಒಂದು ಮೀಟರು. ಅದರಲ್ಲಿ ಐವತ್ತು ಮಂದಿ ಕುಳಿತಿದ್ದರೆ ತಲೆಗೆ ಬೀಳುವುದು ಎರಡು ಸೆಂಟಿಮೀಟರು ಮಾತ್ರ, ಅಂದರೆ ಸೈಕಲ್ಲಿನವನ ಪಾಲಿಗಿಂತಲೂ ಕಡಿಮೆ. ಮೇಲಾಗಿ ಆ ಬಸ್ಸು ಈ ಯಾತ್ರಿಕನಿಗಾಗಿ ಹೊರಟದ್ದಲ್ಲ, ಅವನು ಹತ್ತದಿದ್ದರೂ ಹೋಗುವಂಥದು. ಲೆಕ್ಕಾಚಾರದಿಂದಲೇ ಅಹಿಂಸೆಯನ್ನು ಸಾಧಿಸಹೊರಟರೆ ಲೆಕ್ಕವೇ ಹೀಗೆ ತಿರುಗಿ ನಿಲ್ಲುತ್ತದೆ. ಆಚಾರ್ಯರು ಅದಕ್ಕೇ ಹಿಂಸೆಯನ್ನು ಸತ್ತ ಜೀವಿಗಳ ಎಣಿಕೆಯಿಂದ ಅಳೆಯಲಿಲ್ಲ. ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಪ್ರಾಣಹರಣದ ಮಾತನ್ನು ಪ್ರಮಾದಕ್ಕೆ ಗಂಟು ಹಾಕಿಯೇ ಹೇಳಿದರು. ಎಚ್ಚರಗೇಡಿಯಾಗಿ ನಡೆದವನ ಕಾಲಡಿ ಒಂದು ಜೀವವೂ ಸಾಯದೆ ಹೋದರೂ ಅವನು ಹಿಂಸೆಯಿಂದ ಪಾರಾದವನಲ್ಲ.

ಎಚ್ಚರಕ್ಕೆ ಒಂದು ಅಳತೆಯೂ ಇದೆ. ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ಸೂರ್ಯನ ಬೆಳಕಿನಲ್ಲಿ, ಜನ ತುಳಿದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡುತ್ತಾರೆ. ಇದು ಮಹಾವ್ರತಿಗಳ ಕಟ್ಟಳೆ. ಗೃಹಸ್ಥನ ಮೇಲೆ ಇದರ ಪೂರ್ಣ ಭಾರವಿಲ್ಲ. ಆದರೂ ಅಳತೆಗೋಲಾಗಿ ಇದನ್ನು ಹಿಡಿಯಲು ಅಡ್ಡಿಯಿಲ್ಲ. ನಾಲ್ಕು ಮೊಳವೆಂದರೆ ಆರು ಅಡಿ, ಸುಮಾರು 1.8 ಮೀಟರು. ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ನಡೆಯುವವನಿಗೆ ಆ ನೆಲವನ್ನು ದಾಟಲು ಒಂದೂವರೆ ಸೆಕೆಂಡಿಗೂ ಮಿಕ್ಕ ಸಮಯ ಸಿಕ್ಕುತ್ತದೆ; ಇರುವೆಯ ಸಾಲು ಕಂಡರೆ ಎತ್ತಿದ ಕಾಲನ್ನು ಬೇರೆಡೆ ಇಡಬಹುದು. ಸೋಮೇಶ್ವರದಿಂದ ಆಗುಂಬೆಗೆ 500 ಮೀಟರಿಗೂ ಮಿಕ್ಕ ಎತ್ತರವನ್ನು 14 ಕಡಿದಾದ ತಿರುವುಗಳಲ್ಲಿ ಏರುವ ಸೈಕಲ್ ಸವಾರನ ವೇಗ ಗಂಟೆಗೆ ಎಂಟು ಕಿಲೋಮೀಟರು ಇದ್ದರೆ ಹೆಚ್ಚು. ಅವನಿಗೂ ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚೇ ದೊರೆಯುತ್ತದೆ. ಏದುಸಿರು ಬಿಡುತ್ತ, ತಲೆ ಬಾಗಿಸಿ, ಮುಂಚಕ್ರದ ಎದುರಿನ ಡಾಂಬರನ್ನೇ ನೋಡುತ್ತ ಪೆಡಲು ತುಳಿಯುವ ಅವನು ತನಗರಿವಿಲ್ಲದೆಯೇ ಮುನಿಚರ್ಯೆಯ ನೆರೆಯಲ್ಲಿರುತ್ತಾನೆ. ಬಸವನಹುಳು ಕಂಡರೆ ಹಿಡಿಯನ್ನು ಎರಡು ಬೆರಳಿನಷ್ಟು ತಿರುಗಿಸಿದರೆ ಸಾಕು.

ಅದೇ ಮನುಷ್ಯ ಅದೇ ಘಾಟಿಯನ್ನು ಇಳಿಯುವಾಗ ಬೇರೆಯೇ ಆಗುತ್ತಾನೆ. ಗಂಟೆಗೆ 40 ಕಿಲೋಮೀಟರಿನ ಇಳಿಜಾರಿನಲ್ಲಿ ಸೆಕೆಂಡಿಗೆ 11 ಮೀಟರು ನೆಲ ಅಡಿಯಲ್ಲಿ ಜಾರಿಹೋಗುತ್ತದೆ. ನಾಲ್ಕು ಮೊಳಕ್ಕೆ ಸಿಕ್ಕುವುದು ಸೆಕೆಂಡಿನ ಆರನೆಯ ಒಂದು ಭಾಗ. ಕಣ್ಣು ಕಂಡದ್ದನ್ನು ಬುದ್ಧಿ ಗ್ರಹಿಸಿ ಕೈಗೆ ಹೇಳಿ ಬ್ರೇಕು ಒತ್ತುವುದರೊಳಗೆ ಆ ನೆಲ ಹಿಂದಾಗಿರುತ್ತದೆ. ಇಳಿಯುವವನು ನೋಡುವುದೂ ಚಕ್ರದ ಮುಂದನ್ನಲ್ಲ, ಮುಂದಿನ ತಿರುವನ್ನು. ತನ್ನ ಪ್ರಾಣದ ರಕ್ಷಣೆಗೆ ಹಾಗೆ ನೋಡಲೇಬೇಕು. ಅವನು ಕ್ರೂರಿಯಲ್ಲ, ಆದರೆ ನೋಡುವ ಶಕ್ತಿಯನ್ನೇ ಅವನ ವೇಗ ಕಸಿದುಕೊಂಡಿದೆ. ಆ ವೇಗವನ್ನು ಆರಿಸಿಕೊಂಡವನು ಅವನೇ ಆದ್ದರಿಂದ, ಕಾಣಲಿಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲುವುದಿಲ್ಲ.

ಋತುವಿನ ವಿಚಾರವೂ ಇದಕ್ಕೆ ಸೇರುತ್ತದೆ. ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆಗುಂಬೆಯಲ್ಲಿ ಮೊದಲ ಮಳೆ ಬಿದ್ದೊಡನೆ ಕಪ್ಪೆ, ಏಡಿ, ಎರೆಹುಳು, ಚೋರಟೆಗಳು ರಸ್ತೆಗೆ ಬರುತ್ತವೆ. ಅವುಗಳ ಬೆನ್ನು ಹತ್ತಿ ಹಾವುಗಳೂ ಬರುತ್ತವೆ. ಸೋಮೇಶ್ವರದ ಅಭಯಾರಣ್ಯದ ನಡುವಿನ ಈ ರಸ್ತೆ ಅವುಗಳ ಪಾಲಿಗೆ ರಸ್ತೆಯೇ ಅಲ್ಲ, ಕಾಡಿನೊಳಗಿನ ಒಂದು ಬಯಲು. ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುವುದು ಮಳೆಗೆ ಅಂಜಿಯಲ್ಲ. ನೆಲವೆಲ್ಲ ಜೀವಮಯವಾದಾಗ ಎಚ್ಚರದಿಂದ ನಡೆಯುವ ಕಾಲಿಗೂ ಎಡೆಯಿರುವುದಿಲ್ಲವೆಂದು. ವಿಪರ್ಯಾಸವೆಂದರೆ ಸೈಕಲ್ ಸವಾರರನ್ನು ಮಲೆನಾಡು ಅತ್ಯಂತ ಬಲವಾಗಿ ಕೈಬೀಸಿ ಕರೆಯುವುದು ಆಷಾಢ ಶ್ರಾವಣಗಳಲ್ಲಿಯೇ. ಮೋಡ ನೆಲಕ್ಕಿಳಿದಿರುತ್ತದೆ, ಬಿಸಿಲಿಲ್ಲ, ಎಲ್ಲೆಲ್ಲೂ ಹಸುರು. ಕಣ್ಣಿಗೆ ಹಬ್ಬವಾದ ಕಾಲವೇ ಚಕ್ರಕ್ಕೆ ನಿಷಿದ್ಧವಾದ ಕಾಲ.

ಇನ್ನು ಹಿರಿಯರ ಆಕ್ಷೇಪ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆಯ ಕೆಳಗೆ, ಪ್ರಯೋಜನವಿಲ್ಲದೆ ನೆಲ ಅಗೆಯುವುದು, ಗಿಡ ಕಡಿಯುವುದು ಮೊದಲಾದವುಗಳ ಜೊತೆಗೆ ಸುಮ್ಮನೆ ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ಸೇರಿಸಿದ್ದಾರೆ. ಸೈಕಲ್ ವಿಹಾರ ಈ ಅಲೆದಾಟವೇ ಅಲ್ಲವೆ? ಆಕ್ಷೇಪ ಹಗುರವಾದುದಲ್ಲ. ಆದರೆ ಪ್ರಯೋಜನವೆಂಬುದನ್ನು ಅಂಗಡಿ ಕಚೇರಿಗಳ ಕೆಲಸಕ್ಕಷ್ಟೇ ಸೀಮಿತಗೊಳಿಸುವುದು ನ್ಯಾಯವೂ ಅಲ್ಲ. ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವವನಿಗೆ ದೇಹದ ಆರೋಗ್ಯ ಪ್ರಯೋಜನವೇ. ನೂರು ಕಿಲೋಮೀಟರಿನ ದಾರಿಯನ್ನು ಸ್ವಂತ ಕಾಲಿನ ಬಲದಿಂದ ಸವೆಸಿ ಜಿನಬಿಂಬದ ಮುಂದೆ ನಿಲ್ಲುವವನು, ಕಾರಿನ ಕಿಟಕಿಯೇರಿಸಿ ನಿದ್ರಿಸುತ್ತ ಬಂದವನಿಗಿಂತ ಕ್ಷೇತ್ರದ ದೂರವನ್ನೂ ತನ್ನ ಅಲ್ಪತೆಯನ್ನೂ ಹೆಚ್ಚು ಅರಿತಿರುತ್ತಾನೆ. ಪೂರ್ವಿಕರು ತೀರ್ಥಗಳನ್ನು ಬೆಟ್ಟದ ತುದಿಯಲ್ಲಿ ಇರಿಸಿದ್ದು ಸುಲಭವಾಗಿ ತಲುಪಲೆಂದಲ್ಲ. ಕುಂದಕುಂದಾಚಾರ್ಯರ ತಪೋಭೂಮಿಯೆಂದು ಪ್ರಸಿದ್ಧವಾದ ಕುಂದಾದ್ರಿಗೆ ಈಗ ಡಾಂಬರು ರಸ್ತೆಯಿದೆ. ಅದರ ಕೊನೆಯ ಏರಿನಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುವವರೇ ಹೆಚ್ಚು. ಅದರಲ್ಲಿ ಅವಮಾನವೇನೂ ಇಲ್ಲ, ಪಾರ್ಶ್ವನಾಥನ ಬಸದಿಗೆ ನಡೆದು ಬಂದಂತಾಯಿತು.

ದಿಗ್ವ್ರತದ ಅತಿಚಾರಗಳಲ್ಲಿ ಮೇಲಕ್ಕೆ, ಕೆಳಕ್ಕೆ, ಅಡ್ಡಲಾಗಿ ಎಂದು ಮೂರು ದಿಕ್ಕಿನ ಮೀರುವಿಕೆಗಳನ್ನು ಬೇರೆಬೇರೆಯಾಗಿ ಹೇಳಿರುವುದನ್ನು ಬಯಲುಸೀಮೆಯವರು ಗಮನಿಸದಿದ್ದರೂ ಘಾಟಿಯ ಸವಾರ ಗಮನಿಸಬೇಕು. ಇಂದಿನ ಸೈಕಲ್ಲಿಗೆ ಕಟ್ಟಿದ ಯಂತ್ರ ಕ್ರಮಿಸಿದ ದೂರವನ್ನು ಮಾತ್ರವಲ್ಲ, ಏರಿದ ಎತ್ತರವನ್ನೂ ಮೀಟರುಗಳಲ್ಲಿ ತೋರಿಸುತ್ತದೆ. ಮೇರೆ ಹಾಕಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ, ಮೇರೆ ಮೀರಲು ಪ್ರಚೋದಿಸುವುದಕ್ಕೂ ಇಲ್ಲ. ಯಾವ ಘಾಟಿಯನ್ನು ಯಾರು ಎಷ್ಟು ನಿಮಿಷಗಳಲ್ಲಿ ಏರಿದರು, ಇಳಿದರು ಎಂಬ ಪಟ್ಟಿ ಈಗ ಎಲ್ಲರ ಮೊಬೈಲಿನಲ್ಲಿ ಸಿಕ್ಕುತ್ತದೆ. ಎಂಟು ಮದಗಳಲ್ಲಿ ಬಲದ ಮದ, ತಪದ ಮದ, ಶರೀರದ ಮದ ಎಂದು ಮೂರನ್ನು ಎಣಿಸಿರುವುದು ಇಂಥ ಪಟ್ಟಿಗಳನ್ನು ಕಂಡೇ ಇರಬೇಕು ಎನಿಸುತ್ತದೆ. ತೊಡೆ ಉರಿಯುವಂತೆ ಪೆಡಲು ತುಳಿದದ್ದು ಕಾಯಕ್ಲೇಶವೆಂಬ ಬಾಹ್ಯ ತಪವೆಂದು ಬೀಗುವವನಿಗೆ ಮೊದಲನೆಯ ಸಾಲಿನಲ್ಲಿ ಬೇರೊಬ್ಬನ ಹೆಸರು ಕಂಡಾಗ ಏನನ್ನಿಸುತ್ತದೆಂಬುದೇ ಪರೀಕ್ಷೆ. ಲಕ್ಷಾಂತರ ರೂಪಾಯಿಯ ಇಂಗಾಲದ ನಾರಿನ ಚೌಕಟ್ಟಿನಲ್ಲಿ ನೂರು ಗ್ರಾಂ ತೂಕ ಕಡಿಮೆಯಾಯಿತೆಂದು ಹಿಗ್ಗುವುದು ಪರಿಗ್ರಹದ ಸೂಕ್ಷ್ಮ ರೂಪ. ಇದರ ವಿಸ್ತಾರ ಇಲ್ಲಿ ಬೇಡ.

ಹಳ್ಳಿಗಳ ಮಾತು ಮಾತ್ರ ಸ್ವಲ್ಪ ಹೇಳಬೇಕಾದದ್ದಿದೆ. ನಗರದವನಿಗೆ ದಾರಿಯಾದದ್ದು ಹಳ್ಳಿಯವರಿಗೆ ಅಂಗಳ. ಮಲೆನಾಡಿನಲ್ಲಿ ಸಂಜೆ ದನಗಳು ಹಟ್ಟಿಗೆ ಮರಳುವುದು, ಶಾಲೆಯ ಮಕ್ಕಳು ಮನೆಗೆ ಬರುವುದು ಇದೇ ಡಾಂಬರಿನ ಮೇಲೆ. ಶ್ರವಣಬೆಳಗೊಳದ ಕಡೆಯ ಊರುಗಳಲ್ಲಿ ಸುಗ್ಗಿಯ ದಿನಗಳಲ್ಲಿ ರಾಗಿ, ಹುರುಳಿಯ ಪೈರನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕುತ್ತಾರೆ. ಲಾರಿಯ ಸದ್ದು ದೂರದಿಂದಲೇ ಕೇಳಿಸುತ್ತದೆ, ಸೈಕಲ್ಲು ಸದ್ದಿಲ್ಲದೆ ಬರುತ್ತದೆ. ಕಿವಿ ಮಂದವಾದ ಅಜ್ಜಿಯೊಬ್ಬಳು ಹೊರೆ ಹೊತ್ತು ರಸ್ತೆ ದಾಟುವಾಗ ಹದಿನೈದು ಸವಾರರ ತಂಡ ಎರಡೂ ಬದಿಯಿಂದ ಹಾದುಹೋದರೆ ಯಾರಿಗೂ ಏಟಾಗದಿದ್ದರೂ ಅವಳ ಎದೆ ನಡುಗಿದ್ದು ಸುಳ್ಳಲ್ಲ. ಬೇಲಿಯಿಂದಾಚೆಗೆ ಚಾಚಿದ ಗೇರುಹಣ್ಣನ್ನು ಯಾರನ್ನೂ ಕೇಳದೆ ಕಿತ್ತು ಬಾಯಾರಿಕೆ ತೀರಿಸಿಕೊಳ್ಳುವುದು ಅಷ್ಟೇನು ದೊಡ್ಡದೆಂದು ತೋರದು, ಅದತ್ತಾದಾನವೆಂದರೆ ಅದೇ.

ಹಾಗಾದರೆ ಬಸದಿಯ ಬಾಗಿಲಿಗೆ ಬಂದ ಹುಡುಗರಿಗೆ ಏನು ಹೇಳಬೇಕು? ಇಲ್ಲವೆಂದು ಹೇಳುವುದು ತಪ್ಪಾದೀತು. ಹೇಗೂ ಹೊರಡುವವರು ಬಸದಿಯ ದಾರಿಯನ್ನು ಬಿಟ್ಟು ಬೇರೊಂದು ದಾರಿ ಹಿಡಿದಾರು, ಅಷ್ಟೆ. ಬರಲಿ, ಆದರೆ ಪಂದ್ಯವಾಗಿ ಅಲ್ಲ. ಸೂರ್ಯೋದಯಕ್ಕೆ ಮುಂಚೆ ಹೊರಡುವಂತಿಲ್ಲ, ಕತ್ತಲಾದ ಮೇಲೆ ಚಲಿಸುವಂತಿಲ್ಲ. ರಾತ್ರಿಭೋಜನ ತ್ಯಾಗವಿರುವವನಿಗೆ ಇದು ಹೇಗೂ ಅನುಕೂಲವೇ; 300 ಕಿಲೋಮೀಟರನ್ನು 20 ಗಂಟೆಗಳೊಳಗೆ ಮುಗಿಸಬೇಕೆನ್ನುವ ದೂರಸವಾರಿಗಳಲ್ಲಿ ಅವನು ಹಸಿದೇ ಓಡಿಸಬೇಕಾಗುತ್ತದೆ, ಇಲ್ಲವೆ ವ್ರತ ಮುರಿಯಬೇಕಾಗುತ್ತದೆ. ಆಡಳಿತದವರು ಸೂರ್ಯಾಸ್ತಕ್ಕೆ ಮುನ್ನ ಊಟವನ್ನೂ ಸೋಸಿದ ಬಿಸಿನೀರನ್ನೂ ಸಿದ್ಧವಿಟ್ಟರೆ ಅರ್ಧ ಕಾರ್ಯವಾದಂತೆ.

ಉಳಿಯುವುದು ಘಾಟಿಯ ಇಳಿಜಾರು. ಸೈಕಲ್ಲುಗಳನ್ನು ವ್ಯಾನಿಗೇರಿಸಿ ಇಳಿಸಬಹುದೆಂದು ಯಾರಾದರೂ ಸೂಚಿಸಿದರೆ, ವ್ಯಾನಿನ ಚಕ್ರವೂ ಅದೇ ನೆಲದ ಮೇಲೆ ಉರುಳುತ್ತದೆಂಬುದನ್ನು ನೆನಪಿಸಬೇಕಾಗುತ್ತದೆ. ಮಳೆ ಬಂದು ನಿಂತ ದಿನ ಸೈಕಲ್ಲನ್ನು ಹಿಡಿದು ನಡೆದೇ ಇಳಿಯುವುದೊಂದು ದಾರಿ. ಹದಿನಾಲ್ಕು ತಿರುವುಗಳಿಗೆ ಹೆಚ್ಚೆಂದರೆ ಎರಡು ಗಂಟೆ. ತಂಡ ಅದಕ್ಕೆ ಒಪ್ಪದಿದ್ದರೆ ಯಾತ್ರೆಯನ್ನು ಚಾತುರ್ಮಾಸ ಮುಗಿದ ಮೇಲೆ ಇಟ್ಟುಕೊಳ್ಳಲು ಹೇಳಬಹುದು. ಮಾರ್ಗಶಿರದ ಹೊತ್ತಿಗೆ ಘಾಟಿಯ ಡಾಂಬರು ಒಣಗಿರುತ್ತದೆ. ಹಗಲು ಮಾತ್ರ ಚಿಕ್ಕದು, ಊಟದ ವೇಳೆಯನ್ನು ಅರ್ಧ ಗಂಟೆ ಹಿಂದಕ್ಕೆ ತರಬೇಕಾದೀತು.