ನನ್ನ ನೆಲ, ಅವರ ಸೂರು

ಡೊಂಬಿವಲಿಯಲ್ಲಿ ನಾವು ಮನೆ ಕೊಂಡು ನಾಲ್ಕು ವರ್ಷವಾಯಿತು. ಮೂರನೇ ಮಾಳಿಗೆ, ಒಂದು ಬೆಡ್‌ರೂಮು, ಕಟ್ಟಡಕ್ಕೆ ಆಗಲೇ ಮೂವತ್ತು ದಾಟಿತ್ತು. ಬಾಡಿಗೆ ಮನೆಗಳಲ್ಲಿ ಹನ್ನೊಂದು ವರ್ಷ ಕಳೆದವನಿಗೆ ಗೋಡೆಗೆ ಒಂದು ಮೊಳೆ ಹೊಡೆಯಲೂ ಮಾಲೀಕರ ಮುಖ ನೋಡಬೇಕಿತ್ತು. ಹಾಗಾಗಿ ಸ್ವಂತ ಮನೆಗೆ ಬಂದ ಮೊದಲ ತಿಂಗಳೇ ಒಂದು ಡ್ರಿಲ್ ಮಶೀನು ಕೊಂಡೆ. ಪರದೆಯ ಸರಳು, ಪುಸ್ತಕದ ಹಲಗೆ, ಅಡುಗೆಮನೆಯ ನಲ್ಲಿ, ಎಲ್ಲ ನಾನೇ ಹಾಕಿದೆ. ಊರಿಂದ ಬಂದವರಿಗೆಲ್ಲ ತೋರಿಸಿದೆ. ಈ ಚಟ ನಿಮ್ಮಲ್ಲೂ ಕೆಲವರಿಗೆ ಇರುತ್ತದೆ, ಹೆಚ್ಚು ವಿವರಿಸಬೇಕಿಲ್ಲ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಬಚ್ಚಲಿನ ಸರದಿ ಬಂತು. ಹಳೆಯ ಟೈಲ್ಸ್ ಅಲ್ಲಲ್ಲಿ ಎದ್ದಿದ್ದವು. ನಾಕಾದಲ್ಲಿ ನಿಲ್ಲುವ ಒಬ್ಬ ಮೇಸ್ತ್ರಿಯನ್ನು ಕರೆಸಿದೆ. ಕಲಬುರಗಿ ಕಡೆಯವರು, ಮುಂಬೈಗೆ ಬಂದು ಇಪ್ಪತ್ತೈದು ವರ್ಷವಾಗಿದೆ. ಕನ್ನಡ ಕೇಳಿ ಅವರಿಗೂ ಖುಷಿಯಾಯಿತು, ನನಗೂ. ಆದರೆ ಅವರು 22,000 ಕೇಳಿದರು. ಚೌಕಾಸಿ ಮಾಡಿದೆ, ಅವರು ಇಳಿಯಲಿಲ್ಲ. ಎರಡು ರಾತ್ರಿ ಕೂತು ವಿಡಿಯೊ ನೋಡಿದೆ. ಟೈಲ್ಸು, ಅಂಟು, ಎಪಾಕ್ಸಿ ಎಲ್ಲ ಸೇರಿ 6,400 ರೂಪಾಯಿಯಲ್ಲಿ, ಮೂರು ವಾರಾಂತ್ಯದಲ್ಲಿ ಕೆಲಸ ಮುಗಿಸಿದೆ. ಟೈಲ್ಸಿನ ಸಾಲು ನೂಲು ಹಿಡಿದ ಹಾಗೆ ಬಂದಿತ್ತು.

ಆ ಮೂರು ವಾರದ ಒಂದು ಕ್ಷಣದ ಬಗ್ಗೆ ಈ ಬರಹ. ನೀರು ಹೋಗುವ ನಹಾನಿ ಟ್ರ್ಯಾಪ್ ಪಕ್ಕದಲ್ಲಿ ಹಳೆಯ ಗಾರೆ ಬಿಡಿಸುತ್ತಿದ್ದೆ. ಉಳಿ ಒಮ್ಮೆಲೇ ಎರಡು ಇಂಚು ಒಳಗೆ ಹೋಯಿತು. ಈ ಊರಿನ ಹಳೆಯ ಬಚ್ಚಲುಗಳಲ್ಲಿ ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರು ಮತ್ತು ಸಿಮೆಂಟಿನ ಒಂದು ಪದರ ಇರುತ್ತದೆ, ಅದಕ್ಕೆ ಕೋಬಾ ಅನ್ನುತ್ತಾರೆ. ನೀರು ಕೆಳಗಿಳಿಯದಂತೆ ತಡೆಯುವುದು ಅದೇ. ಉಳಿ ಹೋದದ್ದು ಅದರೊಳಕ್ಕೆ. ಒಂದು ನಿಮಿಷ ಹಾಗೇ ಕುಳಿತಿದ್ದೆ. ಆಮೇಲೆ ಆ ತೂತಿಗೆ ಸಿಮೆಂಟು ತುಂಬಿ ಕರಣೆಯಿಂದ ಸವರಿ ಮೇಲೆ ಟೈಲ್ಸ್ ಕೂರಿಸಿದೆ. ಹೆಂಡತಿಗೂ ಹೇಳಲಿಲ್ಲ.

ಕೋಬಾ ಬಹಳ ದಿನ ನೀರು ಕುಡಿದು ಸುಮ್ಮನಿರುತ್ತದೆ. ಜೂನ್ ಕೊನೆಗೆ ಕೆಳಗಿನ ಮನೆಯ ಕಾಕೂ ನನ್ನನ್ನು ಕರೆದು ತಮ್ಮ ಬಚ್ಚಲಿನ ಸೂರು ತೋರಿಸಿದರು. ಮೂಲೆಯಲ್ಲಿ ತಟ್ಟೆಯಷ್ಟು ಅಗಲದ ಕಂದು ಕಲೆ. ಪಕ್ಕದ ಗೋಡೆಯ ಬಣ್ಣ ಉಬ್ಬಿತ್ತು. ಆ ಗೋಡೆಗೆ ತಾಗಿದ ಅಟ್ಟದಲ್ಲಿ ಅವರ ಗೋಧಡಿಗಳಿದ್ದವು, ತೆಗೆದು ನೋಡಿದರೆ ಬೂಸ್ಟು. "ಮಳೆ ನೀರು, ಹೊರಗಿನ ಪೈಪು ಒಡೆದಿರಬೇಕು," ಎಂದರು ಮರಾಠಿಯಲ್ಲಿ. "ಇರಬಹುದು ಕಾಕೂ," ಎಂದೆ.

ನಾನು ಸುಳ್ಳು ಹೇಳಿದೆನೇ? ಹೊರಗಿನ ಪೈಪು ನಿಜಕ್ಕೂ ಹಳೆಯದು. ಮಳೆಗಾಲವೂ ನಿಜ. ನನ್ನ ಉಳಿಯ ತೂತಿನಿಂದಲೇ ನೀರು ಇಳಿದಿದೆ ಎಂದು ನನಗೆ ಖಾತ್ರಿ ಇರಲಿಲ್ಲ. ಮುಂದಿನ ನಾಲ್ಕು ವಾರ ಈ "ಖಾತ್ರಿ ಇಲ್ಲ" ಎಂಬ ಮಾತಿನ ನೆರಳಲ್ಲೇ ಬದುಕಿದೆ. ಜುಲೈಯ ಸಭೆಯಲ್ಲಿ ಕಮಿಟಿಯವರು ಹೊರಗಿನ ಪೈಪು ಬದಲಿಸುವುದೆಂದು ತೀರ್ಮಾನಿಸಿದರು. ಮಹಾರಾಷ್ಟ್ರದ ವಸತಿ ಸಹಕಾರ ಸಂಘಗಳ ಮಾದರಿ ಉಪವಿಧಿಗಳ ಪ್ರಕಾರ ಮಳೆನೀರಿನ ಮತ್ತು ಹೊರಗಿನ ಸಾಮಾನ್ಯ ಪೈಪಿನ ಸೋರಿಕೆಯ ಖರ್ಚು ಸೊಸೈಟಿಯದು, ಶೌಚಾಲಯ, ಸಿಂಕ್‌ನಂಥ ಒಳಗಿನ ಸೋರಿಕೆಯ ಖರ್ಚು ಆಯಾ ಫ್ಲ್ಯಾಟಿನವರದು. ಪೈಪಿನ ಅಂದಾಜು 46,000. ಇಪ್ಪತ್ತನಾಲ್ಕು ಮನೆ, ಒಂದೊಂದಕ್ಕೆ 1,900ರ ಆಸುಪಾಸು. ನಾನೂ ಕೈ ಎತ್ತಿದೆ.

ಇಷ್ಟಕ್ಕೂ ಖಾತ್ರಿ ಮಾಡಿಕೊಳ್ಳುವುದು ಕಷ್ಟವಾಗಿರಲಿಲ್ಲ. ಟ್ರ್ಯಾಪಿಗೆ ಬಟ್ಟೆ ತುರುಕಿ, ಬಚ್ಚಲಲ್ಲಿ ಎರಡು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ಒಂದೆರಡು ದಿನ ಬಿಟ್ಟರೆ ಆಯಿತು. ಮಟ್ಟ ಚೆನ್ನಾಗಿ ಇಳಿದು, ಕೆಳಗಿನ ಕಲೆಯೂ ಒದ್ದೆಯಾದರೆ ಉತ್ತರ ಸಿಕ್ಕಿತು. ನಾನು ನೋಡಿದ ವಿಡಿಯೊದಲ್ಲೇ ಅದು ಇತ್ತು. ಟೈಲ್ಸ್ ಹಾಕುವ ಮೊದಲು ಮಾಡಲೇಬೇಕಾದ ಪರೀಕ್ಷೆ ಅದು. ಆಗಲೂ ಮಾಡಲಿಲ್ಲ, ಕಲೆ ಕಂಡ ಮೇಲೂ ಮಾಡಲಿಲ್ಲ. ಗೊತ್ತಾದರೆ ಹೇಳಬೇಕಾಗುತ್ತದೆ, ಗೊತ್ತಿಲ್ಲದಿರುವವರೆಗೆ ನಾನು ಸಭ್ಯ ಮನುಷ್ಯ.

ಇಂಗ್ಲಿಷ್ ಗಣಿತಜ್ಞ ಡಬ್ಲ್ಯು. ಕೆ. ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೀತಿಯ ಬಗ್ಗೆ ಒಂದು ಪ್ರಬಂಧ ಬರೆದ. ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದವರಿಗೆ ನೆನಪಿರುತ್ತದೆ. ಅದರಲ್ಲಿ ಒಬ್ಬ ಹಡಗಿನ ಮಾಲೀಕ. ವಲಸೆ ಹೋಗುವ ಕುಟುಂಬಗಳನ್ನು ತುಂಬಿಕೊಂಡು ಅವನ ಹಡಗು ಹೊರಡಬೇಕು. ಅದು ಹಳೆಯದು, ಹಲವು ಸಲ ರಿಪೇರಿ ಕಂಡದ್ದು. ಇನ್ನೊಮ್ಮೆ ತಪಾಸಣೆ ಆಗಬೇಕು ಎಂಬ ಸಂಶಯ ಅವನಿಗೇ ಇದೆ, ಖರ್ಚೂ ಇದೆ. ಇಷ್ಟು ಸಲ ಹೋಗಿ ಬಂದದ್ದು ಈ ಸಲವೂ ಬರುತ್ತದೆ ಎಂದು ಅವನು ತನ್ನನ್ನು ತಾನೇ ಒಪ್ಪಿಸಿಕೊಳ್ಳುತ್ತಾನೆ. ಹಡಗು ನಡುಸಮುದ್ರದಲ್ಲಿ ಮುಳುಗುತ್ತದೆ, ಅವನು ವಿಮೆಯ ಹಣ ಪಡೆಯುತ್ತಾನೆ. ಅವನ ನಂಬಿಕೆ ಪ್ರಾಮಾಣಿಕವಾಗಿಯೇ ಇತ್ತು, ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎಂಬುದು ಕ್ಲಿಫರ್ಡನ ವಾದ. ಹಡಗು ಸುರಕ್ಷಿತವಾಗಿ ದಡ ಸೇರಿದ್ದರೂ ತಪ್ಪು ತಪ್ಪೇ, ಸಿಕ್ಕಿಬೀಳುತ್ತಿರಲಿಲ್ಲ ಅಷ್ಟೆ.

ಈ ಕತೆಯನ್ನು ಇಪ್ಪತ್ತು ವರ್ಷದ ಹಿಂದೆ ಪರೀಕ್ಷೆಗೆಂದು ಓದಿದ್ದೆ. ಆಗ ಹಡಗಿನ ಮಾಲೀಕನೆಂದರೆ ಯಾರೋ ದೊಡ್ಡ ಧನಿಕ ಎಂದುಕೊಂಡಿದ್ದೆ. ಮೂರನೇ ಮಾಳಿಗೆಯಲ್ಲಿ ಕಂತು ಕಟ್ಟುತ್ತಿರುವ ಮನುಷ್ಯನೂ ಆಗಬಹುದು ಎಂದು ಹೊಳೆದಿರಲಿಲ್ಲ.

ಊರಿನ ನೆನಪೂ ಆಯಿತು. ತೀರ್ಥಹಳ್ಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಮಳೆಗಾಲಕ್ಕೆ ಮೊದಲು ಅಪ್ಪ ಮಾಡು ಹತ್ತಿ ಹಂಚು ಕೈಯಾಡಿಸುತ್ತಿದ್ದರು. ಒಡೆದದ್ದು ತೆಗೆದು ಬೇರೆ ಹಾಕುವುದು, ಜಾರಿದ್ದು ಸರಿಮಾಡುವುದು. ಎಷ್ಟೇ ಮಾಡಿದರೂ ಒಂದೆರಡು ಕಡೆ ಸೋರುತ್ತಿತ್ತು. ಅಮ್ಮ ಅಲ್ಲಿ ಕೊಳದಪ್ಪಲೆ ಇಟ್ಟು "ನೋಡಿ, ನಿಮ್ಮ ಕೆಲಸ" ಎನ್ನುತ್ತಿದ್ದರು. ತಪ್ಪು ಮಾಡಿದವರ ತಲೆಯ ಮೇಲೇ ಹನಿ ಬೀಳುತ್ತಿತ್ತು. ಸ್ವಂತ ಕೈಯ ಕೆಲಸವೆಂದರೆ ಹೆಮ್ಮೆ ಎಂಬ ಪಾಠ ನಾನು ಕಲಿತದ್ದು ಅಲ್ಲಿ. ಆದರೆ ಆ ಹೆಮ್ಮೆಯ ಜೊತೆಗೇ ಬರುತ್ತಿದ್ದ ಕೊಳದಪ್ಪಲೆಯನ್ನು ಊರಲ್ಲೇ ಬಿಟ್ಟು ಬಂದೆ. ಫ್ಲ್ಯಾಟಿನಲ್ಲಿ ತಪ್ಪು ಮಾಡುವವನು ಒಂದು ಮನೆಯಲ್ಲಿ, ನೆನೆಯುವವರು ಇನ್ನೊಂದು ಮನೆಯಲ್ಲಿ. ನಡುವೆ ಅರ್ಧ ಅಡಿಯೂ ಇಲ್ಲದ ಸ್ಲ್ಯಾಬು. ಅದನ್ನು ನಾನು ನೆಲ ಎನ್ನುತ್ತೇನೆ, ಕಾಕೂ ಸೂರು ಎನ್ನುತ್ತಾರೆ. ಅದರೊಳಗಿನ ಕಬ್ಬಿಣಕ್ಕೆ ನೀರು ತಾಗಿದರೆ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟು ಸಿಡಿದು ಉದುರುತ್ತದೆ. ಉದುರುವುದು ಯಾವಾಗಲೂ ಕೆಳಗಿನವರ ಮೇಲೆ.

ಹಾಗಾದರೆ ಕೆಲಸ ಗೊತ್ತಿಲ್ಲದವರು ಮನೆಯಲ್ಲಿ ಏನನ್ನೂ ಮುಟ್ಟಬಾರದೇ? ಈ ಪ್ರಶ್ನೆ ಸುಲಭದ್ದಲ್ಲ. ಎಲ್ಲರೂ ಒಂದಲ್ಲ ಒಂದು ದಿನ ಗೊತ್ತಿಲ್ಲದೆಯೇ ಶುರು ಮಾಡುತ್ತಾರೆ. ಮೇಸ್ತ್ರಿಯೂ ಒಂದು ಕಾಲದಲ್ಲಿ ಗೊತ್ತಿಲ್ಲದ ಹುಡುಗನೇ. ಗಾರೆ ಕೆಲಸ ನಮ್ಮಂಥವರ ಕೈಗೆ ತಕ್ಕುದಲ್ಲ ಎಂಬ ಹಳೆಯ ಅಹಂಕಾರಕ್ಕಿಂತ, ಕೈ ಕೆಸರು ಮಾಡಿಕೊಳ್ಳುವುದು ಎಷ್ಟೋ ಮೇಲು. ಆದರೆ ಅವರು ಕಲಿಯುವಾಗ ಪಕ್ಕದಲ್ಲಿ ಒಬ್ಬ ಹಿರಿಯ ಇದ್ದ, ಉಳಿ ತಪ್ಪಿದರೆ ಬೈಯುತ್ತಿದ್ದ, ಟೈಲ್ಸ್ ಮುಚ್ಚುವ ಮೊದಲೇ ತಪ್ಪು ಬಯಲಾಗುತ್ತಿತ್ತು. ನನಗೆ ವಿಡಿಯೊ ಕೈಚಳಕ ಕಲಿಸಿತು, ನನ್ನ ತಪ್ಪನ್ನು ಅದು ನೋಡುತ್ತಿರಲಿಲ್ಲ. ಬೈಯುವವರಿಲ್ಲದ ಕಡೆ ಆ ಕೆಲಸವನ್ನೂ ನಾನೇ ಮಾಡಬೇಕಿತ್ತು. ಮೇಸ್ತ್ರಿಗೆ ಕೊಡದೆ ಉಳಿಸಿದ ಹಣದಲ್ಲಿ ಅದರ ಬೆಲೆಯೂ ಸೇರಿತ್ತು, ಅದನ್ನು ನಾನು ಲೆಕ್ಕ ಹಿಡಿದಿರಲಿಲ್ಲ.

ಜುಲೈ ಕೊನೆಯ ಶುಕ್ರವಾರ ರಾತ್ರಿ ಟ್ರ್ಯಾಪಿಗೆ ಬಟ್ಟೆ ತುರುಕಿದೆ. ಕಾಕೂ ಅವರ ಅಟ್ಟದ ಗೋಧಡಿಗಳು ನಮ್ಮ ಮೆಟ್ಟಿಲ ಕಟಾಂಜನದ ಮೇಲೆ ಒಂದು ವಾರದಿಂದ ಒಣಗುತ್ತಿದ್ದವು, ಆಫೀಸಿಗೆ ಹೋಗುವಾಗಲೂ ಬರುವಾಗಲೂ ಅವನ್ನು ದಾಟಿಯೇ ಹೋಗಬೇಕಿತ್ತು. ಬೇರೆ ದೊಡ್ಡ ಕಾರಣವೇನೂ ಇಲ್ಲ. ಶನಿವಾರ ಸಂಜೆಗೆ ನೀರು ಪೆನ್ಸಿಲ್ ಗೆರೆಯಿಂದ ಅರ್ಧ ಇಂಚಿಗೂ ಹೆಚ್ಚು ಇಳಿದಿತ್ತು. ಕೆಳಗೆ ಹೋದೆ. ಕಲೆಯ ನಡುವಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಏಪ್ರಿಲ್‌ನಿಂದ ನಡೆದದ್ದನ್ನೆಲ್ಲ ಅಲ್ಲೇ ನಿಂತು ಹೇಳಿದೆ.

ಕಾಕೂ ನನ್ನ ಪ್ರಾಮಾಣಿಕತೆಯನ್ನು ಮೆಚ್ಚಲಿಲ್ಲ. "ಮೊದಲೇ ಹೇಳಿದ್ದರೆ ನನ್ನ ಗೋಧಡಿ ಉಳಿಯುತ್ತಿತ್ತು," ಎಂದರು. ಅದು ಅವರ ಅತ್ತೆ ಹೊಲಿದದ್ದಂತೆ. ತಿಂಗಳುಗಟ್ಟಲೆ ಸರಿಯಾಗಿ ಮಾತಾಡಲಿಲ್ಲ. ಸೊಸೈಟಿಯ ಕಾರ್ಯದರ್ಶಿಗೆ ಇನ್ನೂ ಸಿಟ್ಟು, ಪೈಪಿನವನಿಗೆ ಮುಂಗಡ ಕೊಟ್ಟಾಗಿತ್ತು. ಪೈಪು ಬಿಚ್ಚಿದಾಗ ಅದರಲ್ಲೂ ಒಂದು ಬಿರುಕು ಸಿಕ್ಕಿತು. "ನೋಡು, ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು," ಎಂದ ಒಬ್ಬ ಗೆಳೆಯ. ನಡೆಯುತ್ತಿತ್ತು, ನಿಜ. ಕ್ಲಿಫರ್ಡನ ಹಡಗೂ ದಡ ಸೇರಬಹುದಿತ್ತು.

ಮತ್ತೆ ಅದೇ ಮೇಸ್ತ್ರಿಗೆ ಫೋನ್ ಮಾಡಿದೆ. ಬಂದು ನೋಡಿ ನಗಲಿಲ್ಲ, ಅದೇ ದೊಡ್ಡದು. "ಟೈಲ್ಸ್ ಚಲೋ ಕೂಡ್ಸೀರಿ ಸರ. ಕೂಡ್ಸೋದು ಯಾರರ ಕಲೀತಾರ್ರಿ. ಎಲ್ಲಿ ಉಳಿ ನಿಂದರಸಬೇಕು ಅನ್ನೋದು ಗೊತ್ತಾಗ್ಲಿಕ್ಕೆ ನನಗ ಆರು ವರ್ಷ ಹಿಡೀತು," ಎಂದರು. ಈ ಸಲ 34,000. ಚೌಕಾಸಿ ಮಾಡಲಿಲ್ಲ. ಕಾಕೂ ಮನೆಯ ಗೋಡೆಗೆ ಬಣ್ಣ ಬೇರೆ 7,000. ನಾಲ್ಕು ದಿನ ರಜೆ ಹಾಕಿ ಅವರ ಕೈಕೆಳಗೆ ಗಾರೆ ಕಲಸಿದೆ, ತಟ್ಟೆ ಹೊತ್ತೆ. ನಾನು ಹಾಕಿದ್ದ ಟೈಲ್ಸನ್ನು ನಾನೇ ಒಡೆದೆ. ಹೊಸ ಕೋಬಾ ಮೇಲೆ ಎರಡು ದಿನ ನೀರು ನಿಲ್ಲಿಸಿ, ಗೆರೆ ಎಳೆದು, ಕಾಕೂ ಅವರನ್ನೇ ಮೇಲಕ್ಕೆ ಕರೆದು ತೋರಿಸಿದೆವು. ಅವರು ಕನ್ನಡಕ ಸರಿಮಾಡಿಕೊಂಡು ಗೆರೆಯನ್ನು ಬಗ್ಗಿ ನೋಡಿದರು, ಸರಿ ಎಂದರು.

ಡ್ರಿಲ್ ಮಶೀನು ಇನ್ನೂ ಇದೆ, ಬಿಟ್ಟಿಲ್ಲ. ಕಳೆದ ತಿಂಗಳು ಅಡುಗೆಮನೆಯ ಸಿಂಕಿನ ಪೈಪು ಬದಲಿಸಿದೆ. ಕೆಲಸ ಮುಗಿದ ಮೇಲೆ ಹೆಂಡತಿಗೆ ತೋರಿಸುವ ಮೊದಲು ಎರಡನೇ ಮಾಳಿಗೆಗೆ ಇಳಿದು ಬೆಲ್ ಒತ್ತಿದೆ. "ಮತ್ತೇನು ಒಡೆದೆ?" ಎಂದು ಕೇಳುತ್ತಲೇ ಕಾಕೂ ಬಾಗಿಲು ತೆಗೆದರು. ಇಬ್ಬರೂ ಅವರ ಅಡುಗೆಮನೆಯಲ್ಲಿ ನಿಂತು ತಲೆ ಎತ್ತಿ ಸೂರು ನೋಡಿದೆವು. ಒಣಗಿತ್ತು.