ಅರ್ಧ ಉತ್ತರ

ಕಳೆದ ವರ್ಷ ಒಬ್ಬ ಹುಡುಗಿ ನನಗೊಂದು ಸಂದೇಶ ಕಳಿಸಿದಳು: ‘ಅಕ್ಕಾ, ಅಷ್ಟು ದಿನ ಉತ್ತರ ಹೇಳಿದ್ದು ಇದಕ್ಕೇ ಏನ್ರಿ?’

ನೆಟ್ ಪರೀಕ್ಷೆಗೆ ಓದುವವರ ಟೆಲಿಗ್ರಾಂ ಗುಂಪೊಂದರಲ್ಲಿ ನಾನು ಎರಡು ವರ್ಷದಿಂದ ಇದ್ದೆ. ಹಳಗನ್ನಡ, ಛಂದಸ್ಸು, ಕಾವ್ಯಮೀಮಾಂಸೆ, ಯಾರು ಏನು ಕೇಳಿದರೂ ರಾತ್ರಿ ಕೂತು ಬರೆಯುತ್ತಿದ್ದೆ. ಕೈಯಲ್ಲಿ ದುಡ್ಡಿಲ್ಲದ ಒಂದು ತಿಂಗಳು, ಶುಲ್ಕದ ತರಗತಿ ನಡೆಸುತ್ತೇನೆಂದು ಅಲ್ಲೇ ತಿಳಿಸಿದೆ. ವಾರದೊಳಗೆ ಹದಿನೆಂಟು ಜನ ಸೇರಿದರು. ಗುರುತಿಲ್ಲದವಳು ಕರೆದಿದ್ದರೆ ಅವರು ಬರುತ್ತಿರಲಿಲ್ಲ. ಪುಕ್ಕಟೆ ಕೊಟ್ಟ ಉತ್ತರಗಳೇ ನನ್ನ ಬಂಡವಾಳವಾಗಿದ್ದವು. ಹುಡುಗಿ ಕೇಳಿದ್ದು ಅದನ್ನೇ.

ಕಾಂಟ್ 1785ರಲ್ಲಿ ಇದೇ ಪ್ರಶ್ನೆ ಎತ್ತಿದ್ದಾನೆ. ಅವನ ಅಂಗಡಿಯವನು ಮಗು ಬಂದರೂ ದೊಡ್ಡವರು ಬಂದರೂ ಒಂದೇ ಬೆಲೆ ಹೇಳುತ್ತಾನೆ. ಗಿರಾಕಿಗೆ ಮೋಸವಿಲ್ಲ. ಆದರೆ ವ್ಯಾಪಾರಕ್ಕೆ ಲಾಭವೆಂದು ಪ್ರಾಮಾಣಿಕನಾಗಿದ್ದರೆ, ಆ ಕೆಲಸಕ್ಕೆ ನೈತಿಕ ಬೆಲೆ ಇಲ್ಲವೆನ್ನುತ್ತಾನೆ ಕಾಂಟ್. ಓದುವಾಗ ತಲೆದೂಗಿದ್ದೆ. ಈಗ ಅಂಗಡಿಯವಳು ನಾನೇ ಆಗಿದ್ದೆ.

ದೀಪಾವಳಿಗೆ ಊರಿಗೆ ಹೋದೆ. ನಮ್ಮದು ನಾರಾಯಣಪುರ, ಕೃಷ್ಣೆಗೆ ಕಟ್ಟಿದ ಬಸವಸಾಗರದ ಊರು. ಎಡದಂಡೆ ಕಾಲುವೆಯ ನೀರಿನ ಹಿಂದೆ ಈ ಸೀಮೆಗೆ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಅವುಗಳ ಹಿಂದೆ ಗೊಬ್ಬರದ ಅಂಗಡಿಗಳೂ ಉದ್ರಿ ಲೆಕ್ಕವೂ ಬಂದವು. ನಮ್ಮ ಕಡೆಯ ಅಂಗಡಿಯವರೊಬ್ಬರು ರೈತರ ವಾಟ್ಸಾಪ್ ಗುಂಪಿನಲ್ಲಿದ್ದಾರೆ. ಯಾರು ಎಲೆಯ ಫೋಟೊ ಹಾಕಿದರೂ ಉತ್ತರ ಕೊಡುತ್ತಾರೆ. ಹಿಂದಿನ ವರ್ಷ ಅಪ್ಪನ ಹತ್ತಿಯ ಎಲೆ ಕೆಂಪಾದಾಗ ಗುಂಪಿನವರು ಒಬ್ಬೊಬ್ಬರು ಒಂದೊಂದು ಔಷಧ ಹೇಳಿದ್ದರು. ಇವರ ಧ್ವನಿ ಸಂದೇಶ ಬಂತು: ‘ಕಾಕಾ, ಇದು ಹುಳದ ಕಾಟ ಅಲ್ರಿ. ಎಣ್ಣಿ ಹೊಡಿಬ್ಯಾಡ್ರಿ. ಮೆಗ್ನೀಷಿಯಂ ಕಡಿಮಿ ಆಗೇದ. ಮೆಗ್ನೀಷಿಯಂ ಸಲ್ಫೇಟ್ ಲೀಟರ್ ನೀರಿಗೆ ಹತ್ತು ಗ್ರಾಂ ಹಾಕಿ ಹೊಡೀರಿ. ಯಾವ ಅಂಗಡ್ಯಾಗ ತಂದ್ರೂ ನಡೀತದ.’

ದುಬಾರಿ ಬಾಟಲಿ ಮಾರಬಹುದಾಗಿದ್ದ ದಿನ ಅವರು ಅಗ್ಗದ ಪುಡಿ ಹೇಳಿದ್ದರು. ಈ ವರ್ಷ ಅಪ್ಪ ಬೀಜ, ಗೊಬ್ಬರ ಎಲ್ಲ ಅವರಲ್ಲೇ ತಂದಿದ್ದಾರೆ.

‘ನಿಮ್ಮನ್ನ ಹಿಡಕೊಳ್ಳಾಕ ಹಂಗ ಹೇಳಿರಬೇಕು’ ಎಂದೆ.

‘ಇರಬಹುದವ್ವಾ. ಆದ್ರ ಈಗ ಎಲಿ ಕೆಂಪಾದ್ರ ನಾ ಯಾರನ್ನೂ ಕೇಳಂಗಿಲ್ಲ. ಕಲಿಸಿದಾಂವ ಅಂವನ.’

ಅಂಗಡಿಯವರ ಮನಸ್ಸಿನಲ್ಲಿ ಏನಿತ್ತೋ ಅಪ್ಪನಿಗೂ ಗೊತ್ತಿಲ್ಲ, ನನಗೂ ಇಲ್ಲ. ಅಪ್ಪ ನೋಡಿದ್ದು ಬೇರೆಯದನ್ನು: ಸಹಾಯ ಪಡೆದ ಮೇಲೆ ತನ್ನ ಕೈಯಲ್ಲಿ ಏನು ಉಳಿಯಿತು ಎಂಬುದನ್ನು.

1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಅವರು ಸಂಕಟದಲ್ಲಿದ್ದ ನೇಕಾರರಿಗೆ ನೆರವಾಗಲೆಂದು 8,000 ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ಕಟ್ಟಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಪಿಗ್ಮಿ ಶುರುವಾಯಿತು: ಏಜೆಂಟರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಕಟ್ಟಿಸಿಕೊಂಡರು. ಇದು ಉಪಕಾರವೋ ವ್ಯಾಪಾರವೋ? ಎರಡೂ. ಬ್ಯಾಂಕ್ ಬೆಳೆಯಿತು. ಎರಡಾಣೆ ಕಟ್ಟಿದವರ ದುಡ್ಡು ಅವರ ಹೆಸರಿನಲ್ಲೇ ಉಳಿಯಿತು.

ಇಷ್ಟಕ್ಕೆ ಸಮಾಧಾನಪಡುವಂತಿಲ್ಲ. ನಂಬಿಕೆ ಗಳಿಸಿದವರಿಗೆ ಮೋಸವೂ ಸುಲಭ. ನಾಳೆ ಆ ಅಂಗಡಿಯವರು ಬೇಡದ ಬಾಟಲಿ ಹೇಳಿದರೆ ಗುಂಪಿನಲ್ಲಿ ಎಷ್ಟೋ ಜನ ಮರುಪ್ರಶ್ನೆ ಹಾಕದೆ ತರುತ್ತಾರೆ. ಒಮ್ಮೆ ಬಿಟ್ಟುಕೊಟ್ಟ ಲಾಭ ಮುಂದಿನ ಸಲಕ್ಕೆ ಸಾಕ್ಷಿಯಾಗುವುದಿಲ್ಲ. ಕಾಂಟನ ಅನುಮಾನಕ್ಕೆ ಅಷ್ಟು ಜಾಗ ಇರಲೇಬೇಕು.

ಆ ರಾತ್ರಿ ನನ್ನ ಹಳೆಯ ಉತ್ತರಗಳನ್ನು ಓದುತ್ತ ಹೋದೆ. ಮೊದಲ ಎರಡು ವರ್ಷದವು ಪೂರ್ತಿ ಇದ್ದವು. ತರಗತಿ ಶುರುವಾದ ಮೇಲಿನವು ಗಿಡ್ಡವಾಗಿದ್ದವು. ಅವುಗಳ ಕೊನೆಗೆ ಒಂದೇ ಸಾಲು: ‘ವಿವರ ತರಗತಿಯಲ್ಲಿ ನೋಡೋಣ.’ ಹೀಗೆ ಬರೆಯತೊಡಗಿದ್ದು ನನಗೇ ಗಮನಕ್ಕೆ ಬಂದಿರಲಿಲ್ಲ.

ಹುಡುಗಿಗೆ ಬರೆದೆ: ‘ಮೊದಲು ಹೇಳಿದ್ದು ಇದಕ್ಕಲ್ಲ. ಈಚೆಗೆ ಅರ್ಧ ಹೇಳಿದ್ದು ಮಾತ್ರ ಇದಕ್ಕೇ.’ ಮರುದಿನ ಕೂತು ಹನ್ನೊಂದು ಅರ್ಧ ಉತ್ತರಗಳನ್ನು ಪೂರ್ತಿ ಮಾಡಿದೆ. ತರಗತಿಯನ್ನು ನಿಲ್ಲಿಸಲಿಲ್ಲ. ಬಾಡಿಗೆ ಕಟ್ಟಬೇಕು, ಕಲಿಸಿದ ಶ್ರಮಕ್ಕೆ ಸಂಬಳ ಪಡೆಯುವುದು ತಪ್ಪೂ ಅಲ್ಲ.

ಅವಳು ತರಗತಿಗೆ ಸೇರಲಿಲ್ಲ. ಗುಂಪಿನಲ್ಲಿ ಈಗಲೂ ಪ್ರಶ್ನೆ ಕೇಳುತ್ತಾಳೆ. ಉತ್ತರ ಬರೆದು ಮುಗಿಸಿದ ಮೇಲೆ ಕೊನೆಯ ಸಾಲನ್ನು ನಾನು ಇನ್ನೊಮ್ಮೆ ಓದುತ್ತೇನೆ.