ಹಲ್ಲಿಲ್ಲದ ಬಾಯಿಯ ಅಹವಾಲು

ಸೈನಿಕನ ಮನಸ್ಸು ತಿಳಿಯಬೇಕಾದರೆ ಅವನು ತೊಟ್ಟ ಪ್ರತಿಜ್ಞೆಗಿಂತ ಅವನು ಸಿಟ್ಟಿಗೆದ್ದಾಗ ಏನು ಕೇಳಿದ ಎಂಬುದನ್ನು ನೋಡುವುದು ಮೇಲು. ಕ್ರಿ.ಶ. 14ರಲ್ಲಿ ರೋಮನ್ ಸಾಮ್ರಾಟ ಅಗಸ್ಟಸ್ ತೀರಿಕೊಂಡ ಸುದ್ದಿ ಬಂದದ್ದೇ ತಡ, ಪನ್ನೋನಿಯಾ ಪ್ರಾಂತ್ಯದಲ್ಲೂ ರೈನ್ ನದಿಯ ಗಡಿಯಲ್ಲೂ ರೋಮನ್ ಪಡೆಗಳು ದಂಗೆ ಎದ್ದವು. ಇತಿಹಾಸಕಾರ ಟ್ಯಾಸಿಟಸ್ ಇದನ್ನು ವಿವರವಾಗಿ ಬರೆದಿದ್ದಾನೆ. ಪನ್ನೋನಿಯಾದಲ್ಲಿ ಮುಂದಾಳಾದವನು ಪರ್ಸೆನ್ನಿಯಸ್. ಹಿಂದೆ ನಾಟಕಶಾಲೆಗಳಲ್ಲಿ ಚಪ್ಪಾಳೆ ಹೊಡೆಯುವವರ ಗುಂಪು ಕಟ್ಟುತ್ತಿದ್ದವನಂತೆ, ಮಾತು ಬಲ್ಲವನು. ದಿನಕ್ಕೆ ಹತ್ತು ಆಸ್ ಕಾಸಿಗೆ ಮೈಯನ್ನೂ ಪ್ರಾಣವನ್ನೂ ಒತ್ತೆಯಿಟ್ಟಿದ್ದೇವೆ, ಬಟ್ಟೆ, ಆಯುಧ, ಡೇರೆಯ ಖರ್ಚೆಲ್ಲ ಅದರಲ್ಲೇ, ಕೊನೆಗೆ ಸಿಗುವ ಹೊಲವೋ ಜೌಗು ಇಲ್ಲವೇ ಗುಡ್ಡ ಎಂಬುದು ಅವನ ದೂರು. ಬೆನ್ನ ಮೇಲೆ ಕೋಲು ಮುರಿದಾಗಲೆಲ್ಲ ಮತ್ತೊಂದು ಕೇಳುತ್ತಿದ್ದ ಅಧಿಕಾರಿಗೆ ಸಿಪಾಯಿಗಳು ‘ಇನ್ನೊಂದು ತಾ’ ಎಂದೇ ಅಡ್ಡಹೆಸರಿಟ್ಟಿದ್ದರು. ಆ ದಂಗೆಯಲ್ಲಿ ಅವನನ್ನು ಕೊಂದರು. ರೈನ್ ಗಡಿಯಲ್ಲಂತೂ ಸಂತೈಸಲು ಬಂದ ದಂಡನಾಯಕ ಜರ್ಮಾನಿಕಸ್‌ನ ಕೈಗೆ ಮುತ್ತಿಡುವವರಂತೆ ಬಾಗಿದ ಮುದಿ ಸಿಪಾಯಿಗಳು ಅವನ ಬೆರಳನ್ನು ಬಾಯೊಳಗೆ ತೂರಿಸಿ, ಹಲ್ಲೇ ಇಲ್ಲದ ವಸಡನ್ನು ಮುಟ್ಟಿಸಿದರು. ಇದಕ್ಕಿಂತ ಚೆನ್ನಾಗಿ ಬರೆದ ಮನವಿಪತ್ರ ನಾನು ಕಂಡಿಲ್ಲ.

ರೋಮ್‌ನ ಕೀರ್ತಿಯ ಮಾತು ಆ ಬೇಡಿಕೆಗಳಲ್ಲಿ ಎಲ್ಲೂ ಇಲ್ಲ. ಇಸ್ರೇಲ್‌ನ ಮಸಾಡಾ ಕೋಟೆಯಲ್ಲಿ ಸಿಕ್ಕ, ಕ್ರಿ.ಶ. 70ರ ದಶಕದ ಒಂದು ಸಂಬಳದ ಚೀಟಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಮೆಸ್ಸಿಯಸ್ ಎಂಬ ರೋಮನ್ ಸೈನಿಕನಿಗೆ ಬಂದದ್ದು 50 ದಿನಾರಿ. ಬಾರ್ಲಿ, ಊಟ, ಬೂಟು, ಚರ್ಮದ ಪಟ್ಟಿ, ಅಂಗಿ ಎಂದು ಕಳೆಯುತ್ತಾ ಹೋದರೆ ಕೈಗೆ ಉಳಿದಂತೆಯೇ ಕಾಣುವುದಿಲ್ಲ. ಆಸೆಯೆಲ್ಲ ಇದ್ದದ್ದು ಸೇವೆ ಮುಗಿದ ಮೇಲೆ ಕೊಡುವ ಜಮೀನು ಅಥವಾ 3,000 ದಿನಾರಿಯ ಮೇಲೆ. ಅದಕ್ಕೇ ಇಪ್ಪತ್ತು ವರ್ಷ ಬೇಡ, ಹದಿನಾರಕ್ಕೆ ಬಿಡಿ ಎಂದು ಕೂಗಿದರು.

2022ರ ಜೂನ್‌ನಲ್ಲಿ ಸೇನಾ ಭರ್ತಿಯ ಅಗ್ನಿಪಥ ಯೋಜನೆ ಬಂದಾಗ ನಮ್ಮ ಹುಡುಗರು ಬೀದಿಗಿಳಿದದ್ದು ತದ್ವಿರುದ್ಧ ಕಾರಣಕ್ಕೆ: ನಾಲ್ಕೇ ವರ್ಷ ಸಾಲದು, ಕಾಯಂ ಆಗುವವರು ಶೇ 25 ಮಾತ್ರ ಎಂದರೆ ಹೇಗೆ, ಪಿಂಚಣಿ ಎಲ್ಲಿ? ರೋಮನ್ನನಿಗೆ ಬದುಕು ಶುರುವಾಗುತ್ತಿದ್ದದ್ದು ದಂಡು ಬಿಟ್ಟ ಮೇಲೆ; ಇವರಿಗೆ ದಂಡೇ ಹೊಲ, ಮನೆ, ಮದುವೆ. ಇದನ್ನು ದೇಶಭಕ್ತಿಯ ಕೊರತೆ ಎಂದವರು ಬೆಳಗಿನ ಜಾವ ಭರ್ತಿಗಾಗಿ ಓಡುವ ಹುಡುಗರನ್ನು ನೋಡಿರಲಾರರು.

ಹಾಗಂತ ಎಲ್ಲವೂ ಸಂಬಳವಲ್ಲ. ಎರಡನೇ ಮಹಾಯುದ್ಧದ ಜರ್ಮನ್ ಸೈನಿಕರನ್ನು ಕುರಿತು ಸಮಾಜವಿಜ್ಞಾನಿಗಳಾದ ಶಿಲ್ಸ್ ಮತ್ತು ಜಾನೊವಿಟ್ಜ್ 1948ರಲ್ಲಿ ಬರೆದ ಪ್ರಬಂಧ, ಅವರನ್ನು ಸೋಲಿನಲ್ಲೂ ಹಿಡಿದಿಟ್ಟದ್ದು ಸಿದ್ಧಾಂತಕ್ಕಿಂತ ಪಕ್ಕದಲ್ಲಿದ್ದ ಒಡನಾಡಿಗಳು ಎನ್ನುತ್ತದೆ. ರೋಮನ್ನರಲ್ಲೂ ಹಾಗೇ: ಒಂದು ಡೇರೆಗೆ ಎಂಟು ಜನ, ಒಟ್ಟಿಗೇ ಊಟ. ದಂಗೆಯ ಮರುವರ್ಷ ಜರ್ಮಾನಿಕಸ್ ಅದೇ ರೈನ್ ಪಡೆಗಳೊಂದಿಗೆ ಟ್ಯುಟೊಬರ್ಗ್ ಕಾಡಿಗೆ ಹೋದ. ಆರು ವರ್ಷದ ಹಿಂದೆ ರೋಮನ್ನರ ಮೂರು ಲೀಜನ್‌ಗಳು ನಾಶವಾದ ಜಾಗ. ಬಿದ್ದಿದ್ದ ಮೂಳೆ ಯಾರದೆಂದು ತಿಳಿಯದೆ, ಎಲ್ಲವನ್ನೂ ನೆಂಟರದೆಂದೇ ಮಣ್ಣು ಮಾಡಿದರು.

ಅದೇ ವರ್ಷ ಹೊಸ ಸಾಮ್ರಾಟ ಟೈಬೀರಿಯಸ್, ಖಜಾನೆಗೆ ತಾಳದು ಎಂದು ದಂಗೆ ತಣಿಸಲು ಕೊಟ್ಟಿದ್ದ ಹದಿನಾರು ವರ್ಷದ ರಿಯಾಯಿತಿಯನ್ನು ರದ್ದು ಮಾಡಿದ. ಕ್ರಿ.ಶ. 16ರಲ್ಲಿ ಆ ಪಡೆಗಳು ಮತ್ತೆ ಜರ್ಮನ್ನರ ಮೇಲೆ ಯುದ್ಧಕ್ಕೆ ಹೊರಟವು.